ಹಿಂದಿನವರು ಗಟ್ಟಿಯಾಗಿರಲಿಲ್ಲ

‘ನಮ್ಮಜ್ಜಿ ಹನ್ನೆರಡು ಹೆತ್ತರು. ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ತೊಂಬತ್ತು ದಾಟಿ ಬದುಕಿದರು. ಈಗಿನವರನ್ನು ನೋಡಿ, ಮೂವತ್ತಕ್ಕೆ ಶುಗರ್, ನಲವತ್ತಕ್ಕೆ ಸ್ಟೆಂಟ್.’ ಮದುವೆಮನೆಯ ಪಂಕ್ತಿಯಲ್ಲಿ, ಪಾರ್ಕಿನ ಕಲ್ಲುಬೆಂಚಿನ ಮೇಲೆ, ಬೆಳ್ಳಂಬೆಳಗ್ಗೆ ಬಂದು ಬೀಳುವ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಈ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಹೇಳುವವರು ಓದುಬರಹ ಬಾರದವರಲ್ಲ. ಎಂಜಿನಿಯರುಗಳು, ಮೇಷ್ಟರು, ಬ್ಯಾಂಕಿನಿಂದ ನಿವೃತ್ತರಾದವರು. ಕೇಳಿದವರು ತಲೆದೂಗುತ್ತಾರೆ. ಹಿಂದೆ ಜನ ಆರೋಗ್ಯವಾಗಿದ್ದರು, ಇಂಗ್ಲಿಷ್ ಔಷಧ ಬಂದು ಎಲ್ಲರನ್ನೂ ರೋಗಿಷ್ಠರನ್ನಾಗಿ ಮಾಡಿತು ಎಂಬುದು ಕರ್ನಾಟಕದ ಮಧ್ಯಮವರ್ಗ ಪ್ರಶ್ನಿಸದೆ ಒಪ್ಪಿಕೊಂಡ ನಂಬಿಕೆಯಾಗಿಬಿಟ್ಟಿದೆ. ಈ ನಂಬಿಕೆ ಸುಳ್ಳು. ಇದರಿಂದ ಇವತ್ತಿಗೂ ಜೀವಹಾನಿಯಾಗುತ್ತಿದೆ. ಆದ್ದರಿಂದಲೇ ಇದನ್ನು ಹಿರಿಯರ ಹಳಹಳಿಕೆ ಎಂದು ನಕ್ಕು ಬಿಡಲು ನಾನು ಸಿದ್ಧನಿಲ್ಲ.

ಅಜ್ಜಿಯ ವಿಷಯದಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆಕೆ ತೊಂಬತ್ತು ದಾಟಿದ್ದು ನಿಜವೇ ಇರಬಹುದು. ಆದರೆ ಹೀಗೆ ಹೇಳುವವರನ್ನು ಮುಂದಿನ ಪ್ರಶ್ನೆ ಕೇಳಬೇಕು: ಆ ಹನ್ನೆರಡರಲ್ಲಿ ಉಳಿದದ್ದೆಷ್ಟು? ಐದು ಎನ್ನುತ್ತಾರೆ, ಆರು ಎನ್ನುತ್ತಾರೆ. ಒಂದು ಹುಟ್ಟಿ ವಾರ ಕಳೆಯುವುದರೊಳಗೆ ಸೆಟೆದುಕೊಂಡು ಹೋಯಿತು, ಎರಡು ಒಂದೇ ಮಳೆಗಾಲದಲ್ಲಿ ವಾಂತಿಭೇದಿಗೆ ಹೋದವು, ದೊಡ್ಡವಳೊಬ್ಬಳು ಚೊಚ್ಚಲ ಬಾಣಂತನದಲ್ಲೇ ತೀರಿಕೊಂಡಳು. ಅಜ್ಜಿಯ ಆಯುಸ್ಸನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗಳಲ್ಲೇ ಆ ಮಕ್ಕಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅಜ್ಜಿಯ ಓರಗೆಯ ಹೆಂಗಸರಲ್ಲಿ ಇಪ್ಪತ್ತೈದು ದಾಟದವರು ಎಷ್ಟು ಮಂದಿ ಎಂಬುದನ್ನಂತೂ ಯಾರೂ ಕೇಳಿಕೊಂಡಿರುವುದೇ ಇಲ್ಲ. ಬದುಕಿದವರಿಗೆ ಮೊಮ್ಮಕ್ಕಳಿದ್ದಾರೆ, ಅವರು ಕಥೆ ಹೇಳುತ್ತಾರೆ. ಐದು ವರ್ಷಕ್ಕೆ ಸತ್ತವರಿಗೆ ಮೊಮ್ಮಕ್ಕಳಿಲ್ಲ. ಹಿಂದಿನವರು ಗಟ್ಟಿ ಎಂಬುದು ಉಳಿದವರನ್ನು ಮಾತ್ರ ಎಣಿಸಿ ಕೊಟ್ಟ ತೀರ್ಪು.

ಅಂಕಿಅಂಶ ಬೇಡ ಎನ್ನುವವರು ನಮ್ಮ ಊರುಗಳನ್ನೇ ನೋಡಲಿ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಸಾಯುತ್ತಿದ್ದ ಮನೆಗಳಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದು ಕರೆಯುತ್ತಿದ್ದರು. ಗುಂಡ, ಕಲ್ಲ ಎಂದು ಹೆಸರಿಡುತ್ತಿದ್ದರು. ಮೃತ್ಯುವಿನ ಕಣ್ಣಿಗೆ ಬೀಳದಿರಲಿ, ಬಿದ್ದರೂ ಕೊಂಡೊಯ್ಯಲು ಮನಸ್ಸಾಗದಿರಲಿ ಎಂಬ ಹೆತ್ತವರ ಹಂಚಿಕೆ ಅದು. ಸಿಡುಬು ಬಂದರೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಮಾರಿಯನ್ನು ಊರಾಚೆಗೆ ಸಾಗಿಸಿ ಮುಂದಿನ ಊರಿನ ಗಡಿಯಲ್ಲಿ ಬಿಟ್ಟು ಬರುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಪ್ಲೇಗಮ್ಮನೇ ಗುಡಿ ಕಟ್ಟಿಸಿಕೊಂಡಳು. ಇಲಿ ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಭೈರಪ್ಪನವರು ಎಳವೆಯಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡರು. ಬೇಂದ್ರೆಯವರು ಹಲವು ಮಕ್ಕಳನ್ನು ಮಣ್ಣು ಮಾಡಿದರು. ಮಗುವಿನ ಸಾವಿನೆದುರು ನಿಂತು ಅವರು ಬರೆದ ಕವಿತೆಯನ್ನು ನಾವು ಇಂದಿಗೂ ಹಾಡಾಗಿ ಕೇಳುತ್ತೇವೆ. ಬೇನೆಗೊಬ್ಬ ದೇವತೆಯನ್ನು ಪ್ರತಿಷ್ಠಾಪಿಸಿಕೊಂಡ ಸಮಾಜ ಆರೋಗ್ಯವಾಗಿತ್ತು ಎಂದು ಹೇಳಬೇಕಾದರೆ ಆ ಸಮಾಜದ ಬಗ್ಗೆ ಏನೂ ತಿಳಿದಿರಬಾರದು.

ಇನ್ನು ಅಂಕಿಗಳು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿ ದೇಶದ ಆರೋಗ್ಯದ ಬಗ್ಗೆ ತನ್ನ ವರದಿ ಕೊಟ್ಟಿತು. ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು 27 ವರ್ಷದ ಆಸುಪಾಸು. 1937ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 162 ಒಂದು ವರ್ಷ ತುಂಬುವ ಮೊದಲೇ ಸತ್ತಿದ್ದವು. ದೇಶದ ಒಟ್ಟು ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಹತ್ತು ವರ್ಷದೊಳಗಿನ ಮಕ್ಕಳದು. ಸಾವಿರ ಹೆರಿಗೆಗೆ ಇಪ್ಪತ್ತು ತಾಯಂದಿರು, ವರ್ಷಕ್ಕೆ ಸುಮಾರು ಎರಡು ಲಕ್ಷ ತಾಯಂದಿರು ಸಾಯುತ್ತಿದ್ದರು. ಈಗ ಭಾರತದ ನಿರೀಕ್ಷಿತ ಆಯುಸ್ಸು 70ರ ಹತ್ತಿರ. ಕರ್ನಾಟಕದ ಶಿಶುಮರಣ 2020ರಲ್ಲಿ ಸಾವಿರಕ್ಕೆ 19. ತಾಯಂದಿರ ಸಾವು 2018-20ರ ಲೆಕ್ಕದಲ್ಲಿ ಲಕ್ಷಕ್ಕೆ 69, ಅಂದರೆ ಸಾವಿರಕ್ಕೆ ಒಂದೂ ಇಲ್ಲ. ಮನುಷ್ಯಕುಲದ ಇತಿಹಾಸದಲ್ಲಿ ಇಂಥ ಬದಲಾವಣೆ ಇನ್ನಾವ ಕಾಲದಲ್ಲೂ ಆಗಿರಲಿಲ್ಲ. ಅದು ನಮ್ಮ ಅಪ್ಪ ಅಮ್ಮಂದಿರ ಜೀವಿತಕಾಲದಲ್ಲಿ, ನಮ್ಮ ಕಣ್ಣೆದುರಿಗೇ ಆಯಿತು. ನಾವು ಅದನ್ನು ನೋಡಲು ಒಪ್ಪುತ್ತಿಲ್ಲ.

ಇದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ: ‘ಸರಾಸರಿ ಕಡಿಮೆಯಾದದ್ದು ಮಕ್ಕಳು ಸಾಯುತ್ತಿದ್ದುದರಿಂದ ಅಷ್ಟೆ, ಮಕ್ಕಳುತನ ದಾಟಿದವರು ನೂರು ವರ್ಷ ಬಾಳುತ್ತಿದ್ದರು.’ ಆ ‘ಅಷ್ಟೆ’ಯ ಕ್ರೌರ್ಯವನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಬೆಳೆದವರ ಗತಿ ಏನಾಗಿತ್ತು? ಮೈಸೂರಿನ ಹತ್ತನೇ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತಕ್ಕೆ ಹೋದವರು ಗಂಟಲಮಾರಿ ತಗುಲಿ ಅಲ್ಲೇ ತೀರಿಕೊಂಡರು. ಅವರಿಗೆ 31 ವರ್ಷ. ದೊಡ್ಡ ಮಗನಿಗೆ ಹತ್ತು. ನಾಡಿನ ಅತ್ಯುತ್ತಮ ಹಾಲು ತುಪ್ಪ, ಅತ್ಯುತ್ತಮ ಪಂಡಿತರು, ಅತ್ಯುತ್ತಮ ಆರೈಕೆ ಎಲ್ಲವೂ ಅವರ ಕೈಗೆಟುಕುವಂತಿದ್ದವು. ಇವತ್ತು ಹಳ್ಳಿಯ ಕೂಲಿಯವಳ ಕೂಸಿಗೆ ಅಂಗನವಾಡಿಯಲ್ಲಿ ಕಾಸಿಲ್ಲದೆ ಹಾಕುವ ಲಸಿಕೆಯೊಂದು ಮಾತ್ರ ಆಗ ಇರಲಿಲ್ಲ. ಅದೇ ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ತುತ್ತಾದರು. ಮೈಸೂರಿನ ಕ್ಷಯರೋಗದ ಆಸ್ಪತ್ರೆಗೆ ಇರುವುದು ಆಕೆಯ ಹೆಸರೇ. ರಾಮಾಶ್ವಮೇಧ ಬರೆದ ಮುದ್ದಣ, ಉಡುಪಿಯ ಬಡ ಡ್ರಿಲ್ ಮೇಷ್ಟರು, 1901ರಲ್ಲಿ ಕ್ಷಯದಿಂದಲೇ ಸತ್ತರು. ಅವರಿಗೂ ಹೆಚ್ಚುಕಡಿಮೆ ಚಾಮರಾಜ ಒಡೆಯರಷ್ಟೇ ವಯಸ್ಸು. ಕ್ಷಯವನ್ನು ಗೆಲ್ಲುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಕನ್ನಡದ ಗದ್ಯ ಆ ನಲವತ್ತೆರಡು ವರ್ಷಗಳ ಅಂತರದಲ್ಲಿ ಏನೇನು ಕಳೆದುಕೊಂಡಿತು ಎಂದು ಲೆಕ್ಕ ಹಾಕಲು ನಮ್ಮಿಂದ ಆಗುವುದಿಲ್ಲ. 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂದಿತು. ಅದು ಹೆಚ್ಚಾಗಿ ಆರಿಸಿಕೊಂಡದ್ದು ಇಪ್ಪತ್ತರಿಂದ ನಲವತ್ತರ ನಡುವಿನ ಗಟ್ಟಿಮುಟ್ಟಾದವರನ್ನೇ. 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆಯೇ ಇಳಿಯಿತು.

ಎರಡನೆಯ ಉತ್ತರ ಇನ್ನೂ ಜನಪ್ರಿಯ. ಆಗ ಗಾಳಿ ಶುದ್ಧ, ನೀರು ಶುದ್ಧ, ಅನ್ನಕ್ಕೆ ರಾಸಾಯನಿಕ ಮುಟ್ಟಿರಲಿಲ್ಲ, ಮೈಮುರಿದು ದುಡಿಯುತ್ತಿದ್ದರು, ಆದ್ದರಿಂದ ರೋಗ ಸುಳಿಯುತ್ತಿರಲಿಲ್ಲ ಎನ್ನುವುದು. ಈ ವಾದವನ್ನು ಒರೆಗೆ ಹಚ್ಚಲು ಕರ್ನಾಟಕದಲ್ಲೇ ಒಂದು ಪ್ರದೇಶವಿದೆ: ಮಲೆನಾಡು. ಸಾವಯವ ಜೀವನದ ಪ್ರಚಾರಕರು ಕನಸು ಕಾಣುವುದೆಲ್ಲ ಅಲ್ಲಿತ್ತು. ಕಾಡಿನ ಗಾಳಿ, ಬೆಟ್ಟದಿಂದ ಹರಿದು ಬರುವ ತಿಳಿನೀರು, ಒನಕೆಯಲ್ಲಿ ಕುಟ್ಟಿದ ಅಕ್ಕಿ, ಸೊಪ್ಪು ಗೊಬ್ಬರದ ತೋಟ, ಗುಡ್ಡ ಹತ್ತಿ ಇಳಿಯುವ ದಿನಚರಿ. ಆ ಮಲೆನಾಡಿನಲ್ಲಿ ಜನ ಹೇಗಿದ್ದರು? ಹೊಟ್ಟೆಯಲ್ಲಿ ಜ್ವರಗಡ್ಡೆ ಹೊತ್ತ ಮಕ್ಕಳು, ವರ್ಷಕ್ಕೆ ತಿಂಗಳುಗಟ್ಟಲೆ ನಡುಗುತ್ತ ಮಲಗುವ ಗಂಡಸರು, ಬಸಿರಿನಲ್ಲೇ ಜ್ವರ ಬಂದು ಮಗುವನ್ನೂ ಪ್ರಾಣವನ್ನೂ ಕಳೆದುಕೊಳ್ಳುವ ಹೆಂಗಸರು. ಮಲೆನಾಡಿನ ಹಲವು ತಾಲ್ಲೂಕುಗಳಲ್ಲಿ ಜನಸಂಖ್ಯೆ ಕರಗುತ್ತ ಹೋಗಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲಕ್ಕೆ ಮೈಸೂರು ಸರ್ಕಾರ ಮಲೆನಾಡು ಸುಧಾರಣೆಗೆಂದೇ ಯೋಜನೆ ಹಾಕಬೇಕಾಯಿತು. ಘಟ್ಟದ ಕೆಳಗಿನವರು, ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಅಲ್ಲಿ ಮಲೇರಿಯಾ ಜ್ವರ ಹರಡುತ್ತಿದ್ದ ಸೊಳ್ಳೆಯ ಜಾತಿ ಅನಾಫಿಲಿಸ್ ಫ್ಲುವಿಯಾಟಿಲಿಸ್. ಅದು ಮೊಟ್ಟೆಯಿಡುವುದು ಕೊಳಚೆಯಲ್ಲಲ್ಲ, ನಿಧಾನವಾಗಿ ಹರಿಯುವ ತಿಳಿಯಾದ ಹಳ್ಳದ ನೀರಿನಲ್ಲಿ. ಯಾವ ಶುದ್ಧ ನೀರು ಆರೋಗ್ಯ ಕೊಡುತ್ತಿತ್ತೆಂದು ನಾವು ಹಾಡಿ ಹೊಗಳುತ್ತೇವೆಯೋ ಅದರಿಂದಲೇ ಸಾವು ಎದ್ದು ಬರುತ್ತಿತ್ತು.

ಮಲೆನಾಡು ಬದುಕಿಕೊಂಡದ್ದು ಹೇಗೆಂಬುದಕ್ಕೆ ದಾಖಲೆಯಿದೆ. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ, ಹಿರಿಯೂರು, ಶ್ರೀರಂಗಪಟ್ಟಣದ ಬಳಿಯ ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದು ಯಾವ ಸೊಳ್ಳೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೂರುತ್ತದೆ ಎಂದು ಪತ್ತೆ ಮಾಡಿಸಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಬೆನ್ನಿಗೆ ಪಂಪು ಕಟ್ಟಿಕೊಂಡವರು ಕಾಡಿನ ಒಂಟಿಮನೆಗಳಿಗೂ ನಡೆದು ಹೋಗಿ ಡಿಡಿಟಿ ಹೊಡೆದರು, ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆದರು, ಗುಳಿಗೆ ನುಂಗಿಸಿದರು, ಬಂದು ಹೋದ ತಾರೀಕನ್ನು ಗೋಡೆಯ ಮೇಲೆ ಬರೆದರು. 1960ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ದೇಶಕ್ಕೆಲ್ಲ ಸೇರಿ ಒಂದು ಲಕ್ಷದ ಮಟ್ಟಕ್ಕೆ ಬಂದಿತ್ತು. ನಿಗಾ ಸಡಿಲವಾದಾಗ, ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡಾಗ 1976ರಲ್ಲಿ ಅದು ಮತ್ತೆ 64 ಲಕ್ಷ ದಾಟಿತು ಎಂಬುದನ್ನೂ ಹೇಳಬೇಕು. ಗಾಳಿ, ನೀರು, ಅಕ್ಕಿ ಹಿಂದಿನಂತೆಯೇ ಇದ್ದವು. ಜ್ವರ ಹೋದದ್ದೂ ಮರಳಿ ಬಂದದ್ದೂ ಆ ಕೆಲಸ ನಡೆದುದಕ್ಕೆ, ನಿಂತುದಕ್ಕೆ ತಕ್ಕಂತೆ.

ಇಲ್ಲಿ ಒಬ್ಬ ಗಂಭೀರ ಎದುರಾಳಿಯನ್ನು ನೆನೆಯಲೇಬೇಕು. ಬರ್ಮಿಂಗ್‌ಹ್ಯಾಮಿನ ಪ್ರಾಧ್ಯಾಪಕ ಥಾಮಸ್ ಮೆಕೋನ್ ಇಂಗ್ಲೆಂಡಿನ ಮರಣದ ದಾಖಲೆಗಳನ್ನು ಇಟ್ಟುಕೊಂಡು ವಾದಿಸಿದರು: ಕ್ಷಯದ ಸಾವು ಸ್ಟ್ರೆಪ್ಟೊಮೈಸಿನ್ ಬರುವುದಕ್ಕೆ ಮೊದಲೇ ಬಹುಪಾಲು ಇಳಿದಿತ್ತು, ಇಳಿಸಿದ್ದು ಒಳ್ಳೆಯ ಊಟ, ವೈದ್ಯರಲ್ಲ. ಪಾರ್ಕಿನ ಬೆಂಚಿನ ವಾದದಂತೆ ಇದನ್ನು ತಳ್ಳಿಹಾಕಲು ಬರುವುದಿಲ್ಲ. ಇಂಗ್ಲೆಂಡಿನ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ ಇದನ್ನು ಎತ್ತಿ ತಂದು ಭಾರತದ ಮೇಲೆ ಹೊರಿಸುವವರು ನಮ್ಮ ತಾರೀಕುಗಳನ್ನು ನೋಡಿಲ್ಲ. 1951ರಲ್ಲಿ ನಮ್ಮ ನಿರೀಕ್ಷಿತ ಆಯುಸ್ಸು 32 ವರ್ಷದಷ್ಟಿತ್ತು. 1970ರ ದಶಕ ಮುಗಿಯುವಷ್ಟರಲ್ಲಿ ಐವತ್ತು ದಾಟಿತು. ಆ ಮೂವತ್ತು ವರ್ಷ ನಾವು ಏನು ಉಣ್ಣುತ್ತಿದ್ದೆವು? ಅಮೆರಿಕದ ಪಿಎಲ್ 480 ಗೋಧಿ, ಗಂಜಿ ಕೇಂದ್ರ, 1965-67ರ ಬರ, ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲು. ಶೌಚಾಲಯವಿದ್ದ ಹಳ್ಳಿಮನೆ ಬೆರಳೆಣಿಕೆಯಷ್ಟು. ನಲ್ಲಿ ನೀರು ಊರಿಗೆ ಬಂದಿರಲಿಲ್ಲ. ಹೊಟ್ಟೆ ತುಂಬುವ ಮೊದಲೇ, ಬಚ್ಚಲು ಕಟ್ಟುವ ಮೊದಲೇ ನಮ್ಮ ಸಾವು ಇಳಿಯಿತು. ಇಳಿಸಿದ್ದು ಮಲೇರಿಯಾ ಕಾರ್ಯಕ್ರಮ, ಸಿಡುಬಿನ ಲಸಿಕೆ, ಪೆನ್ಸಿಲಿನ್, ಕ್ಷಯದ ಗುಳಿಗೆ. ಊಟ, ನೀರು, ಚರಂಡಿ ಆಮೇಲೆ ಬಂದು ಜೊತೆಗೂಡಿದವು.

ಅಲ್ಲದೆ, ಚರಂಡಿಯನ್ನು ವೈದ್ಯದ ಎದುರು ನಿಲ್ಲಿಸುವುದೇ ತಪ್ಪು. ನೀರಿನಲ್ಲಿ ಕಾಲರಾ ಇದೆ, ಸೊಳ್ಳೆಯಲ್ಲಿ ಮಲೇರಿಯಾ ಇದೆ, ಇಲಿಯ ಚಿಗಟದಲ್ಲಿ ಪ್ಲೇಗು ಇದೆ ಎಂದು ಕಂಡುಹಿಡಿದವರು ಯಾರು? 1895ರಲ್ಲಿ ಕಾಲರಾ ತಡೆಯಲು ಬೆಂಗಳೂರಿಗೆ ನಿಯುಕ್ತರಾಗಿ ಬಂದಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಆ ಅರಿವಿಲ್ಲದೆ ಚರಂಡಿ ಮುಚ್ಚುವುದಕ್ಕೂ ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದಕ್ಕೂ ಕಾರಣವೇ ಇರುತ್ತಿರಲಿಲ್ಲ. ಸ್ವಚ್ಛತೆ ನಮ್ಮಲ್ಲಿ ಮಡಿಯ ರೂಪದಲ್ಲಿ ಸಾವಿರಾರು ವರ್ಷ ಇತ್ತು. ಅದು ಕಾಲರಾವನ್ನು ತಡೆಯಲಿಲ್ಲ, ಮನುಷ್ಯರನ್ನು ದೂರವಿಟ್ಟಿತು.

ಹೆರಿಗೆಯ ವಿಷಯಕ್ಕೆ ಬಂದರೆ ನನಗೆ ಸಿಟ್ಟು ತಡೆಯುವುದಿಲ್ಲ. ‘ಹಿಂದೆ ಹೊಲದಲ್ಲಿ ಹೆತ್ತು ಸಂಜೆ ಕೆಲಸಕ್ಕೆ ನಿಲ್ಲುತ್ತಿದ್ದರು’ ಎಂದು ಗಂಡಸರು ಹೇಳುವುದನ್ನು ಕೇಳಿದ್ದೇನೆ. ಹಾಗೆ ನಿಂತವಳು ಗತಿಯಿಲ್ಲದೆ ನಿಂತಳು. ನಿಲ್ಲಲಾಗದೆ ರಕ್ತ ಹರಿದು ಹೊಲದಲ್ಲೇ ಸತ್ತವಳ ಬಗ್ಗೆ ಗಾದೆ ಹುಟ್ಟಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಯೋಗ್ಯವಾಗಿಯೇ ಬಂತು. ಆಸ್ಪತ್ರೆ ಕಣ್ಣಿಗೂ ಬೀಳದ ಊರುಗಳಲ್ಲಿ ಆ ತಾಯಂದಿರು ಬರಿಗೈಯಲ್ಲಿ ಮಾಡಿದ ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಎಷ್ಟೇ ಕೈಗುಣವಿದ್ದರೂ ಕಸ ಬೀಳದೆ ರಕ್ತ ಹೋಗುತ್ತಿರುವವಳಿಗೆ ಸೂಲಗಿತ್ತಿ ರಕ್ತ ಏರಿಸಲಾರಳು, ಅಡ್ಡ ಸಿಕ್ಕಿಕೊಂಡ ಮಗುವನ್ನು ಹೊಟ್ಟೆ ಕುಯ್ದು ತೆಗೆಯಲಾರಳು. ಬಾಣಂತಿ ಸನ್ನಿ ಎಂದು ನಮ್ಮವರು ಗಾಳಿ ಗ್ರಹದ ಮೇಲೆ ಹೊರಿಸುತ್ತಿದ್ದುದರಲ್ಲಿ ಬಹುಪಾಲು ಕೈಯಿಂದ, ಬಟ್ಟೆಯಿಂದ ಗರ್ಭಕೋಶಕ್ಕೆ ಹತ್ತಿದ ನಂಜು. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕುಯ್ದು ಬೂದಿಯನ್ನೋ ಸಗಣಿಯನ್ನೋ ಮೆತ್ತಿದ ಕೂಸುಗಳು ವಾರದೊಳಗೆ ಹಾಲು ಕುಡಿಯುವುದು ಬಿಟ್ಟು ಸೆಟೆದು ಸಾಯುತ್ತಿದ್ದವು. ಅದು ಧನುರ್ವಾಯು. ಬಸುರಿಗೆ ಕೊಡುವ ಚುಚ್ಚುಮದ್ದು, ಕುದಿಸಿದ ಬ್ಲೇಡು, ಆಸ್ಪತ್ರೆಯ ಹೆರಿಗೆ ಇಷ್ಟರಿಂದ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ದೃಢಪಟ್ಟಿತು. ಆ ಸುದ್ದಿ ನಮ್ಮಲ್ಲಿ ಎಷ್ಟು ಪತ್ರಿಕೆಗಳ ಮುಖಪುಟದಲ್ಲಿ ಬಂತು?

ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ಹೆಚ್ಚಾಗಿವೆ ಎಂಬುದು ನಿಜ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಇದಕ್ಕೆ ವೈದ್ಯಶಾಸ್ತ್ರವನ್ನು ದೂರುವುದು ಹೇಗೆ ಸಾಧ್ಯ? ಪಾಲಿಷ್ ಮಾಡಿದ ಅಕ್ಕಿ ತಿಂದು ಕುರ್ಚಿಯಲ್ಲಿ ಕೂರಿ ಎಂದು ಯಾವ ವೈದ್ಯರೂ ಹೇಳಲಿಲ್ಲ. ಕ್ಯಾನ್ಸರ್, ಹೃದಯಾಘಾತ ಬಹುಮಟ್ಟಿಗೆ ಐವತ್ತು ದಾಟಿದವರನ್ನು ಹುಡುಕಿಕೊಂಡು ಬರುತ್ತವೆ. ಇಪ್ಪತ್ತಕ್ಕೆ ಪ್ಲೇಗಿಗೆ ಸತ್ತವನಿಗೆ ಎದೆನೋವು ಬರುವ ಅವಕಾಶವೇ ಇರಲಿಲ್ಲ. ಹಿಂದೆ ಯಾರೂ ಎದೆ ಹಿಡಿದುಕೊಂಡು ಸಾಯುತ್ತಿರಲಿಲ್ಲ ಎನ್ನುವುದೂ ಸುಳ್ಳು. ಆಗ ‘ಇದ್ದಕ್ಕಿದ್ದಂತೆ ಹೋಗಿಬಿಟ್ಟರು, ಪುಣ್ಯವಂತರು’ ಎನ್ನುತ್ತಿದ್ದರು. ಎಳೆಯ ಮಕ್ಕಳಿಗೆ ಬರುವ ಬಗೆಯ ಮಧುಮೇಹದಲ್ಲಂತೂ 1922ರಲ್ಲಿ ಇನ್ಸುಲಿನ್ ಬರುವ ತನಕ ಕಾಯಿಲೆ ಗೊತ್ತಾದ ಮಗು ಒಂದೆರಡು ವರ್ಷದಲ್ಲಿ ಬಡಕಲಾಗಿ ಸಾಯುವುದು ಖಚಿತವಾಗಿತ್ತು. ಅಂಥ ಮಕ್ಕಳು ಇವತ್ತು ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಬಾಳುತ್ತಿದ್ದಾರೆ. ಅವರೂ ‘ಹೆಚ್ಚಾದ ಶುಗರ್ ರೋಗಿಗಳ’ ಲೆಕ್ಕದಲ್ಲಿ ಸೇರಿದ್ದಾರೆ.

ನಾಟಿ ಔಷಧದ ಮೇಲಿನ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಲು ಕಾಮಾಲೆಯನ್ನು ನೋಡಬೇಕು. ಕರ್ನಾಟಕದ ಜಿಲ್ಲೆಜಿಲ್ಲೆಯಲ್ಲೂ ಕಾಮಾಲೆಗೆ ಸೊಪ್ಪಿನ ರಸ ಕೊಡುವವರಿದ್ದಾರೆ. ಹೋದವರಲ್ಲಿ ಹೆಚ್ಚಿನವರಿಗೆ ವಾಸಿಯಾಗುತ್ತದೆ. ನೀರಿನಿಂದ ಹರಡುವ ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಇಳಿಯುತ್ತದೆ, ಆದ್ದರಿಂದ ವಾಸಿಯಾಗುತ್ತದೆ. ಔಷಧ ಕುಡಿಯದವರಿಗೂ ಹೀಗೆಯೇ ವಾಸಿಯಾಗುತ್ತದೆಯೇ ಎಂದು ಎದುರುಬದುರು ಇಟ್ಟು ನೋಡುವ ತನಕ ರಸಕ್ಕೆ ಹೆಸರು ಬರುವುದು ಸಹಜ. ಹೀಗೆ ಎದುರುಬದುರು ಇಟ್ಟು ನೋಡುವ ಶಿಸ್ತಿಗೇ ಆಧುನಿಕ ವೈದ್ಯಶಾಸ್ತ್ರ ಎಂದು ಹೆಸರು. ಅದು ಇಂಗ್ಲಿಷರ ಸ್ವತ್ತಲ್ಲ, ಗಿಡಮೂಲಿಕೆಯ ಶತ್ರುವೂ ಅಲ್ಲ. ಸರ್ಪಗಂಧಿಯನ್ನು ರಕ್ತದೊತ್ತಡದ ರೋಗಿಗಳ ಮೇಲೆ ಪರೀಕ್ಷಿಸಿ ಮುಂಬಯಿಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದ ಮೇಲೆ ಜಗತ್ತೇ ಅದನ್ನು ಸ್ವೀಕರಿಸಿತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳು ನೆಲದ ಮೇಲೆ ಸಾಲಾಗಿ ಬಿದ್ದಿದ್ದಾಗ ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಲೋಟದಲ್ಲಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಈಗ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಅದೇ. ಇದರಲ್ಲಿ ಪರದೇಶದ ಹೇರಿಕೆ ಎಲ್ಲಿದೆ?

ಹೇರಿಕೆ ಎನ್ನುವವರು ಮೈಸೂರಿನ ಚರಿತ್ರೆಯನ್ನು ಓದಲಿ. ಜೆನ್ನರ್ ಸಿಡುಬಿನ ಲಸಿಕೆ ಪರೀಕ್ಷಿಸಿದ್ದು 1796ರಲ್ಲಿ, ಅದು ಭಾರತಕ್ಕೆ ಬಂದದ್ದು 1802ರಲ್ಲಿ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಚಿತ್ರ ಬರೆಸಿದ್ದು ಪ್ರಜೆಗಳ ಹೆದರಿಕೆ ಬಿಡಿಸಲು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ವಿಜ್ಞಾನಿ ಹಾಫ್ಕಿನ್ ತಯಾರಿಸಿದ ಪ್ಲೇಗಿನ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಕಿಸಿಕೊಂಡರು. ನಮ್ಮವರು ಸಾವನ್ನು ಹತ್ತಿರದಿಂದ ಕಂಡವರಾದ್ದರಿಂದ ಬದುಕುವ ದಾರಿ ಕಂಡಾಗ ಹಿಡಿದುಕೊಂಡರು. ಸಿಡುಬು 1974ರಲ್ಲಿ ಬಿಹಾರವೂ ಸೇರಿದಂತೆ ದೇಶದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು, ಮರುವರ್ಷ ಮೇ ತಿಂಗಳಲ್ಲಿ ಭಾರತದ ಕೊನೆಯ ರೋಗಿ ಪತ್ತೆಯಾದಳು, 1980ರಲ್ಲಿ ರೋಗವೇ ಭೂಮಿಯ ಮೇಲಿಂದ ಅಳಿಯಿತೆಂದು ಘೋಷಣೆಯಾಯಿತು. ಈಗ ಮೂವತ್ತು ನಲವತ್ತರ ವಯಸ್ಸಿನಲ್ಲಿರುವವರು ಸಿಡುಬು ಎದ್ದ ರೋಗಿಯನ್ನು ನೋಡಿಯೇ ಇಲ್ಲ. ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್ 2011ರ ಜನವರಿಯ ನಂತರ ನಮ್ಮ ದೇಶದ ಒಂದು ಮಗುವನ್ನೂ ಹೆಳವನನ್ನಾಗಿಸಿಲ್ಲ.

ಆ ನೆಮ್ಮದಿಯೇ ಮರೆವನ್ನು ತಂದಿತು, ಮರೆವಿನಿಂದ ಅಪಾಯ ಬಂತು. 2017ರ ಫೆಬ್ರುವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೂಡಲೇ ವಾಟ್ಸ್‌ಆ್ಯಪ್‌ನಲ್ಲಿ ಮಕ್ಕಳಿಗೆ ವಿಷ ಚುಚ್ಚುತ್ತಿದ್ದಾರೆಂಬ ಸಂದೇಶಗಳು ಹರಿದಾಡಿದವು, ಅಪ್ಪ ಅಮ್ಮಂದಿರು ಮಕ್ಕಳನ್ನು ಶಾಲೆಗೆ ಕಳಿಸಲು ಹೆದರಿದರು. ದಡಾರ ಎಷ್ಟು ಮಕ್ಕಳನ್ನು ನ್ಯೂಮೋನಿಯಾಕ್ಕೆ ಒಪ್ಪಿಸಿದೆ, ಎಷ್ಟು ಕಣ್ಣುಗಳನ್ನು ಕಳೆದಿದೆ ಎಂದು ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಹುಚ್ಚುನಾಯಿ ಕಚ್ಚಿದಾಗ ಚುಚ್ಚುಮದ್ದು ಬಿಟ್ಟು ಬೇರು ತೇಯ್ದು ಕುಡಿಸುವವರ ಬಳಿ ಓಡುವವರು ಈಗಲೂ ಇದ್ದಾರೆ. ರೇಬಿಸ್ ಲಕ್ಷಣ ತೋರಿದ ಮೇಲೆ ಮರಳಿ ಬರುವವರು ಇಲ್ಲವೆನ್ನುವಷ್ಟು ಕಡಿಮೆ. ಸರಿಯಾದ ಹೊತ್ತಿಗೆ ಲಸಿಕೆ ಹಾಕಿಸಿಕೊಂಡವರು ಸಾಯುವುದೂ ಅಪರೂಪ. ಹಿಂದಿನವರು ಗಟ್ಟಿ ಎಂಬ ಮಾತು ಪಾರ್ಕಿನಲ್ಲಿ ಆಡಿದಾಗ ನಿರುಪದ್ರವಿ ಅನಿಸಬಹುದು. ನಾಯಿ ಕಚ್ಚಿದ ಮಗುವಿನ ಅಪ್ಪನ ಕಿವಿಗೆ ಬಿದ್ದಾಗ ಅದು ಕೊಲ್ಲುತ್ತದೆ.

ಹಾಗಾದರೆ ಜನರಿಗೆ ಆಸ್ಪತ್ರೆಯ ಮೇಲೆ ಇಷ್ಟು ಸಿಟ್ಟೇಕೆ? ಸಿಟ್ಟಿಗೆ ಕಾರಣವಿದೆ, ನನಗೂ ಅದಿದೆ. ಜಮೀನು ಮಾರಿ ಬಿಲ್ಲು ಕಟ್ಟಿದ ಕುಟುಂಬಗಳು ಪ್ರತಿ ತಾಲ್ಲೂಕಿನಲ್ಲಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧದಷ್ಟು ಸಿಸೇರಿಯನ್. ಅಷ್ಟೊಂದು ಹೆಣ್ಣುಮಕ್ಕಳಿಗೆ ಹೊಟ್ಟೆ ಕುಯ್ಯಲೇಬೇಕಾದ ಅಗತ್ಯ ಇರಲು ಸಾಧ್ಯವಿಲ್ಲ. ನೆಗಡಿಗೆಲ್ಲ ಆಂಟಿಬಯೋಟಿಕ್ ಬರೆದೂ ಬರೆದೂ, ಕೇಳಿ ಬರೆಸಿಕೊಂಡೂ ಬರೆಸಿಕೊಂಡೂ, ನಮ್ಮನ್ನು ಉಳಿಸಿದ ಔಷಧಗಳನ್ನೇ ಮೊಂಡು ಮಾಡುತ್ತಿದ್ದೇವೆ. ಇದೆಲ್ಲ ವೈದ್ಯವನ್ನು ಮಾರಾಟಕ್ಕಿಟ್ಟವರ ತಪ್ಪು, ಅವರನ್ನು ಹಿಡಿತದಲ್ಲಿಡದ ಸರ್ಕಾರದ ತಪ್ಪು. ಲಸಿಕೆಯ ತಪ್ಪಲ್ಲ, ಪೆನ್ಸಿಲಿನ್ನಿನ ತಪ್ಪಲ್ಲ. ಈ ಎರಡನ್ನೂ ಒಂದೇ ಗಂಟು ಕಟ್ಟಿ ‘ಇಂಗ್ಲಿಷ್ ಔಷಧವೇ ಮೋಸ’ ಎನ್ನುವವರು ಸುಲಿಗೆ ಮಾಡುವವರಿಗೆ ಉಪಕಾರ ಮಾಡುತ್ತಿದ್ದಾರೆ. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕುವ ತಿದ್ದುಪಡಿಯನ್ನು ರಾಜ್ಯ ಸರ್ಕಾರ ತರಹೊರಟಾಗ ಖಾಸಗಿ ವೈದ್ಯರು ರಾಜ್ಯದಾದ್ಯಂತ ಬಾಗಿಲು ಹಾಕಿ ಮುಷ್ಕರ ಹೂಡಿದರು, ಕಾಯ್ದೆ ಹಲ್ಲು ಕಳೆದುಕೊಂಡು ಹೊರಬಂತು. ನಾವೆಲ್ಲ ರಸ್ತೆಗಿಳಿಯಬೇಕಾಗಿದ್ದ ಹೊತ್ತು ಅದು. ಕಷಾಯದ ಮಹಿಮೆ ಹೇಳುವವರ ದನಿ ಆಗ ಕೇಳಿಸಲಿಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಏರಿಸಿದ ಗ್ಲೂಕೋಸಿನಂಥ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು. ರಾಜ್ಯವೇ ಎದ್ದು ನಿಂತಿತು, ತನಿಖೆಯಾಯಿತು, ವಿಧಾನಸಭೆಯಲ್ಲಿ ಗದ್ದಲವಾಯಿತು. ಆಗಲೇಬೇಕಿತ್ತು. ಅದೇ ಬಳ್ಳಾರಿಯಲ್ಲಿ ನೂರು ವರ್ಷದ ಹಿಂದೆ ಬಾಣಂತಿಯರು ಸತ್ತಾಗ ಯಾವ ತನಿಖೆಯೂ ಆಗುತ್ತಿರಲಿಲ್ಲ. ಹಣೆಬರಹ ಎಂದು ಮಣ್ಣು ಹಾಕಿ, ವರ್ಷ ತಿರುಗುವುದರೊಳಗೆ ಗಂಡನಿಗೆ ಎರಡನೇ ಮದುವೆ ಮಾಡುತ್ತಿದ್ದರು. ಬಾಣಂತಿ ಸಾಯಬಾರದು, ಸತ್ತರೆ ಯಾರೋ ಉತ್ತರ ಹೇಳಬೇಕು ಎಂಬ ಹಕ್ಕಿನ ಅರಿವು ನಮಗೆ ಬಂದಿರುವುದೇ ವೈದ್ಯ ಆ ಸಾವನ್ನು ತಡೆಯಬಲ್ಲದು ಎಂದು ತೋರಿಸಿದ ಮೇಲೆ.

ಬೇಕಾಗಿರುವುದು ಇದೇ ಸಿಟ್ಟು, ಸರಿಯಾದ ಕಡೆಗೆ ತಿರುಗಿದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಏಕೆ, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರಿವಳಿಕೆ ತಜ್ಞರಿಲ್ಲ ಏಕೆ, ಹಾವಿನ ವಿಷಕ್ಕೆ ಮದ್ದು ಹೋಬಳಿಯಲ್ಲೇ ಸಿಗುವುದಿಲ್ಲ ಏಕೆ ಎಂದು ಕೇಳುವ ಸಿಟ್ಟು. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತಿದ್ದರು. ಬಸುರಿಯರ ಪಟ್ಟಿ ಹಿಡಿದು ಮನೆಮನೆ ತಿರುಗುವವರು, ಲಸಿಕೆಯ ದಿನ ತಪ್ಪಿಸಿಕೊಂಡ ಮಗುವನ್ನು ಹುಡುಕಿ ತರುವವರು, ಕ್ಷಯದ ಗುಳಿಗೆ ನುಂಗಿದರೇ ಎಂದು ನೋಡಿಕೊಳ್ಳುವವರು ಅವರೇ. ಕೇಳುತ್ತಿದ್ದುದು ತಿಂಗಳಿಗೆ ಇಷ್ಟು ಎಂಬ ನಿಗದಿಯಾದ, ಬದುಕಲು ಸಾಕಾಗುವ ಗೌರವಧನವನ್ನು. ಕರ್ನಾಟಕದ ಮಕ್ಕಳು ಐದು ದಾಟಿ ಬೆಳೆಯುತ್ತಿರುವುದು ಈ ಹೆಂಗಸರ ಕಾಲ್ನಡಿಗೆಯಿಂದ. ಅವರಿಗೆ ಸಲ್ಲಬೇಕಾದದ್ದು ಪೂರ್ತಿಯಾಗಿ ಸಲ್ಲುವ ತನಕ ನಮ್ಮ ಪೂರ್ವಿಕರ ಮೈಕಟ್ಟಿನ ಬಗ್ಗೆ ಒಂದು ಮಾತೂ ಕೇಳಿಸಿಕೊಳ್ಳಲು ನಾನು ತಯಾರಿಲ್ಲ.